ಮುಂದಿನ ಪ್ರಧಾನ ಆವೃತ್ತಿಯಲ್ಲಿ ನಮ್ಮ ಲೈಬ್ರರಿ ಯಾವ ಅವಲಂಬನೆಗಳನ್ನು ಉಳಿಸಿಕೊಳ್ಳಬೇಕು?

ಪ್ರಸ್ತಾವ · ನಿರ್ವಾಹಕ

ನಮ್ಮ ಪೈಥಾನ್ ಲೈಬ್ರರಿಯ ಕೆಲಸವನ್ನು ಒಂದೇ ಸಾಲಿನಲ್ಲಿ ಹೇಳಬಹುದು: ಸರ್ವರ್‌ಗಳ ಲಾಗ್ ಕಡತಗಳನ್ನು ಓದಿ, ಪ್ರತಿ ಸಾಲನ್ನೂ ಸಮಯ, ಮಟ್ಟ, ಸಂದೇಶ ಎಂದು ಬಿಡಿಸಿದ ದಾಖಲೆಯಾಗಿ ಕೊಡುವುದು. ಇಷ್ಟು ಕೆಲಸಕ್ಕೆ ಅದು ಈಗ ಬೇರೆಯವರು ಬರೆದ ಆರು ಪ್ಯಾಕೇಜ್‌ಗಳನ್ನು ನೇರವಾಗಿ ಕೇಳುತ್ತದೆ; ಇವೇ ಅದರ ಅವಲಂಬನೆಗಳು. ದಿನಾಂಕ ಓದಲು ಡೇಟ್‌ಯುಟಿಲ್, ಸಮಯ ವಲಯಗಳಿಗೆ ಪೈಟಿಝಡ್, ದೂರದ ಕಡತ ತರಲು ರಿಕ್ವೆಸ್ಟ್ಸ್, ಸಂರಚನೆಗೆ ಪೈಯಾಮಲ್, ಫಲಿತಾಂಶವನ್ನು ಕೋಷ್ಟಕವಾಗಿ ಕೊಡಲು ಪಾಂಡಾಸ್, ಟರ್ಮಿನಲ್‌ನಲ್ಲಿ ಬಣ್ಣ ತೋರಿಸಲು ಇನ್ನೊಂದು ಪುಟ್ಟ ಪ್ಯಾಕೇಜ್. ಇವುಗಳ ಹಿಂದೆ ಬರುವ ಪರೋಕ್ಷ ಅವಲಂಬನೆಗಳನ್ನೂ ಸೇರಿಸಿದರೆ ಮೂಗಿಗಿಂತ ಮೂಗುತಿಯೇ ಭಾರವಾಗಿದೆ.

ಒಂದು ಅಪ್ಲಿಕೇಶನ್ ಹೀಗೆ ಭಾರವಾದರೆ ಅದರ ತಂಡವೇ ಅದನ್ನು ಹೊರುತ್ತದೆ; ಲಾಕ್ ಫೈಲ್ ಬರೆದು, ಪ್ರತಿಯೊಂದರ ಆವೃತ್ತಿಯನ್ನೂ ಕಟ್ಟಿಹಾಕಿ, ತಮಗೆ ಬೇಕಾದಾಗ ಸಡಿಲಿಸಿಕೊಳ್ಳಬಹುದು. ಲೈಬ್ರರಿಯ ಸ್ಥಿತಿ ಹಾಗಲ್ಲ. ಪೈಥಾನ್‌ನ ಒಂದು ಪರಿಸರದಲ್ಲಿ ಒಂದು ಪ್ಯಾಕೇಜಿನ ಒಂದೇ ಆವೃತ್ತಿ ಇರಲು ಸಾಧ್ಯ, ಆದ್ದರಿಂದ ನಾವು ಘೋಷಿಸುವ ಪ್ರತಿ ಮಿತಿಯೂ ನಮಗೆ ಪರಿಚಯವೇ ಇಲ್ಲದ ಯಾರದೋ ಯೋಜನೆಯಲ್ಲಿ ಬೇರೆ ಮಿತಿಗಳೊಡನೆ ಏಗಬೇಕಾಗುತ್ತದೆ. ನಾವು ಹಗುರವಾಗಿ ಸೇರಿಸಿದ್ದನ್ನು ಬೇರೆಯವರು ಭಾರವಾಗಿ ಹೊರುತ್ತಿದ್ದಾರೆ ಎಂಬುದು ಕಳೆದ ಕೆಲವು ದೂರುಗಳನ್ನು ಓದಿದಾಗ ನನಗೆ ಸ್ಪಷ್ಟವಾಯಿತು.

ನನ್ನ ಪ್ರಸ್ತಾವ ಹೀಗಿದೆ. ಲೈಬ್ರರಿಯ ತಿರುಳು ಪೈಥಾನ್ ಜೊತೆಗೇ ಬರುವ ಪ್ರಮಾಣಿತ ಲೈಬ್ರರಿಯೊಂದರಿಂದಲೇ ನಡೆಯಬೇಕು. ರಿಕ್ವೆಸ್ಟ್ಸ್ ಮತ್ತು ಪಾಂಡಾಸ್ ಐಚ್ಛಿಕ ಅವಲಂಬನೆಗಳಾಗಲಿ, ಬೇಕಾದವರು ಕೇಳಿ ಹಾಕಿಕೊಳ್ಳಲಿ. ಸಂರಚನೆ ಟಾಮಲ್ ಎಂಬ ಸರಳ ಪಠ್ಯ ರೂಪಕ್ಕೆ ಹೋಗಲಿ. ಅದನ್ನು ಓದುವ ಮಾಡ್ಯೂಲ್ 2022ರಲ್ಲಿ ಬಂದ ಪೈಥಾನ್ 3.11ರಿಂದ ಪ್ರಮಾಣಿತ ಲೈಬ್ರರಿಯಲ್ಲೇ ಇದೆ. ಅದೇ ಆವೃತ್ತಿಯಲ್ಲಿ ದಿನಾಂಕ ಬರೆಯುವ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 8601 ಮಾದರಿಯ ಬಹುತೇಕ ದಿನಾಂಕಗಳನ್ನು ಓದುವ ಸಾಮರ್ಥ್ಯವೂ ಬಂದಿರುವುದರಿಂದ ಡೇಟ್‌ಯುಟಿಲ್ ಅನ್ನು ಬಿಡಬಹುದು. ಪೈಟಿಝಡ್ ಬದಲಿಗೆ 3.9ರಲ್ಲಿ ಸೇರಿದ ಝೋನ್‌ಇನ್ಫೋ. ಬಣ್ಣದ ಪ್ಯಾಕೇಜ್ ಬಗ್ಗೆ ಚರ್ಚೆಯೇ ಬೇಡ, ಬಣ್ಣ ಬದಲಿಸುವ ನಾಲ್ಕು ಎಸ್ಕೇಪ್ ಸಂಕೇತಗಳನ್ನು ನಾವೇ ಬರೆಯಬಹುದು. ಕನಿಷ್ಠ ಪೈಥಾನ್ ಆವೃತ್ತಿ 3.11 ಆಗುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆಕ್ಷೇಪಗಳಿದ್ದರೆ ತಿಳಿಸಬೇಕಾಗಿ ವಿನಂತಿ.

ಉತ್ತರ 1 · ಲಿನಕ್ಸ್ ವಿತರಣೆಗೆ ಪ್ಯಾಕೇಜ್ ಕಟ್ಟುವವರು

ಪ್ರಸ್ತಾವದ ದಿಕ್ಕನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಅವಲಂಬನೆಗಳನ್ನು ಎಣಿಸುವುದರಲ್ಲೇ ನಿಂತುಬಿಡಬಾರದು, ಯಾವ ಅಗತ್ಯಕ್ಕೆ ಯಾವುದನ್ನು ತಂದಿದ್ದೇವೆ ಎಂಬ ಅನುಪಾತವನ್ನೂ ನೋಡಬೇಕು. 2024ರ ಮಾರ್ಚ್ 29ರಂದು ಬಯಲಾದ, ಎಕ್ಸ್‌ಝಡ್ ಎಂಬ ಸಂಕುಚನ ಸಾಫ್ಟ್‌ವೇರ್‌ನೊಳಗೆ ರಹಸ್ಯ ಹಿಂಬಾಗಿಲು ಸೇರಿಸಿದ್ದ ಪ್ರಕರಣ ಎಲ್ಲರಿಗೂ ನೆನಪಿರಬಹುದು. ದೂರದ ಕಂಪ್ಯೂಟರ್‌ಗೆ ಎಸ್‌ಎಸ್‌ಎಚ್ ಮೂಲಕ ಮಾಡುವ ಲಾಗಿನ್ ಅರ್ಧ ಸೆಕೆಂಡಿನಷ್ಟು ನಿಧಾನವಾದದ್ದನ್ನು ಪೋಸ್ಟ್‌ಗ್ರೆಸ್ ಡೇಟಾಬೇಸಿನ ಅಭಿವೃದ್ಧಿಕಾರ ಆಂಡ್ರೆಸ್ ಫ್ರಾಯ್ಂಡ್ ಗಮನಿಸದೆ ಹೋಗಿದ್ದರೆ ಎಕ್ಸ್‌ಝಡ್‌ನ 5.6.0 ಮತ್ತು 5.6.1 ಆವೃತ್ತಿಗಳು ಎಲ್ಲೆಲ್ಲಿಗೆ ತಲುಪುತ್ತಿದ್ದವೋ ಹೇಳಲಾಗದು.

ಆ ಕಥೆಯನ್ನು ಸಾಮಾನ್ಯವಾಗಿ ನಂಬಿಕೆದ್ರೋಹದ ಕಥೆಯಾಗಿ ಹೇಳುತ್ತಾರೆ. ನನ್ನಂಥವರಿಗೆ ಅದು ವಿನ್ಯಾಸದ ಕಥೆಯೂ ಹೌದು. ಎಸ್‌ಎಸ್‌ಎಚ್ ಸೇವೆ ಕೊಡುವ ಓಪನ್‌ಎಸ್‌ಎಸ್‌ಎಚ್‌ಗೆ ಎಕ್ಸ್‌ಝಡ್ ಸಂಕುಚನದ ಅಗತ್ಯವೇ ಇಲ್ಲ. ಸೇವೆ ಸಿದ್ಧವಾಗಿದೆ ಎಂದು, ಲಿನಕ್ಸ್‌ನಲ್ಲಿ ಸೇವೆಗಳನ್ನು ನಿರ್ವಹಿಸುವ ಸಿಸ್ಟಮ್‌ಡಿಗೆ ತಿಳಿಸಲು ಕೆಲವು ವಿತರಣೆಗಳು ತಾವೇ ಒಂದು ತಿದ್ದುಪಡಿ ಸೇರಿಸಿ, ಸಿಸ್ಟಮ್‌ಡಿಯ ಇಡೀ ಲೈಬ್ರರಿಯನ್ನು ಜೋಡಿಸಿದ್ದವು. ಆ ಲೈಬ್ರರಿ ತನ್ನ ಬೇರೆ ಕೆಲಸಕ್ಕಾಗಿ ಎಕ್ಸ್‌ಝಡ್ ಅನ್ನು ಎಳೆದು ತರುತ್ತಿತ್ತು. ಆ ಸೂಚನೆ ಎಂದರೆ ಒಂದು ಸಾಕೆಟ್‌ಗೆ ಒಂದು ಚಿಕ್ಕ ಸಂದೇಶ ಬರೆಯುವುದು, ಅಷ್ಟೇ. ಅದೇ ವರ್ಷ ಬಂದ ಓಪನ್‌ಎಸ್‌ಎಸ್‌ಎಚ್ 9.8ರಲ್ಲಿ ಆ ಲೈಬ್ರರಿಯ ಹಂಗಿಲ್ಲದ ಸ್ವಂತ ಅನುಷ್ಠಾನವನ್ನೇ ಸೇರಿಸಲಾಯಿತು. ಬಣ್ಣದ ಪ್ಯಾಕೇಜ್ ಬಗ್ಗೆ ನೀವು ಹೇಳಿದ್ದು ಇದೇ ಲೆಕ್ಕಾಚಾರ.

ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಅವಲಂಬನೆ ಕಡಿಮೆ ಮಾಡುವ ಉತ್ಸಾಹದಲ್ಲಿ ಬೇರೆಯವರ ಕೋಡನ್ನು ನಮ್ಮ ಕಡತಕೋಶದೊಳಗೆ ನಕಲಿಸಿಟ್ಟುಕೊಳ್ಳುವ ದಾರಿ ಹಿಡಿಯಬೇಡಿ. ಪಟ್ಟಿಯಲ್ಲಿ ಸಂಖ್ಯೆ ಇಳಿಯುತ್ತದೆಯೇ ಹೊರತು ಅವಲಂಬನೆ ಇಳಿಯುವುದಿಲ್ಲ. ಮೂಲದಲ್ಲಿ ಭದ್ರತಾ ದೋಷ ತಿದ್ದಿದಾಗ ನಿಮ್ಮ ನಕಲು ಹಾಗೆಯೇ ಉಳಿಯುತ್ತದೆ, ಮತ್ತು ಅದು ಅಲ್ಲಿದೆ ಎಂದು ನಮ್ಮ ಪರಿಶೀಲನಾ ಸಲಕರಣೆಗಳಿಗೆ ತಿಳಿಯುವುದೂ ಇಲ್ಲ. ರಿಕ್ವೆಸ್ಟ್ಸ್ ಕೂಡ ತಾನು ಆಧರಿಸಿರುವ ಯುಆರ್‌ಎಲ್‌ಲಿಬ್3 ಪ್ಯಾಕೇಜನ್ನು ವರ್ಷಗಟ್ಟಲೆ ಒಳಗೇ ಇಟ್ಟುಕೊಂಡಿತ್ತು, 2017ರಲ್ಲಿ 2.16ನೇ ಆವೃತ್ತಿಯಲ್ಲಿ ಅದನ್ನು ಹೊರಗೆ ತೆಗೆದು ಸಾಮಾನ್ಯ ಅವಲಂಬನೆಯಾಗಿ ಮಾಡಿತು.

ಉತ್ತರ 2 · ಅಪ್ಲಿಕೇಶನ್ ಅಭಿವೃದ್ಧಿಕಾರ

ನಾವು ಈ ಲೈಬ್ರರಿಯನ್ನು ನಿತ್ಯದ ಕೆಲಸದಲ್ಲಿ ಬಳಸುತ್ತೇವೆ. ಐಚ್ಛಿಕ ಅವಲಂಬನೆಗಳ ಬಗ್ಗೆ ನನ್ನ ಅನುಭವ ಅಷ್ಟು ಸಿಹಿಯಾಗಿಲ್ಲ. ಪ್ಯಾಕೇಜ್‌ಗಳನ್ನು ಅನುಸ್ಥಾಪಿಸುವ ಪಿಪ್ ಸಲಕರಣೆಯಲ್ಲಿ ಐಚ್ಛಿಕ ಗುಂಪಿನ ಹೆಸರನ್ನು ತಪ್ಪಾಗಿ ಬರೆದರೆ ಒಂದು ಎಚ್ಚರಿಕೆ ಮುದ್ರಿಸಿ ಮುಂದೆ ಹೋಗಿಬಿಡುತ್ತದೆ. ಸ್ವಯಂಚಾಲಿತ ಬಿಲ್ಡ್‌ನಲ್ಲಿ ಅದನ್ನು ಯಾರೂ ಓದುವುದಿಲ್ಲ. ಆಮೇಲೆ ದೂರದ ಕಡತ ತೆರೆಯುವ ಹೊತ್ತಿಗೆ ಮಾಡ್ಯೂಲ್ ಇಲ್ಲವೆಂಬ ದೋಷ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಅಂಥ ಕಡೆಗಳಲ್ಲಿ ಯಾವ ಗುಂಪನ್ನು ಅನುಸ್ಥಾಪಿಸಬೇಕು ಎಂದು ಹೆಸರು ಹಿಡಿದು ಹೇಳುವ ದೋಷ ಸಂದೇಶ ಇರಲೇಬೇಕು.

ಇನ್ನೊಂದು ವಿಷಯ, ಮೇಲ್ಮಿತಿ. ಉಳಿಯುವ ಅವಲಂಬನೆಗಳಿಗಾದರೂ ‘ಮುಂದಿನ ಪ್ರಧಾನ ಆವೃತ್ತಿಗಿಂತ ಕೆಳಗೆ’ ಎಂಬ ಷರತ್ತು ಹಾಕಿ ಎಂದು ಕೋರುತ್ತೇನೆ. 2024ರ ಜೂನ್‌ನಲ್ಲಿ ಸಂಖ್ಯಾ ಲೆಕ್ಕಾಚಾರದ ಲೈಬ್ರರಿಯಾದ ನಮ್‌ಪೈ 2.0 ಬಂದಾಗ, ಹಳೆಯ 1.x ಸರಣಿಗೆ ಕಂಪೈಲ್ ಆಗಿದ್ದ ವಿಸ್ತರಣೆಗಳು ಹೊಸದರೊಡನೆ ನಡೆಯಲಿಲ್ಲ. ಮಿತಿ ಬರೆದಿದ್ದ ಲೈಬ್ರರಿಗಳು ಬಚಾವಾದವು. ಬರೆಯದಿದ್ದವುಗಳಿಂದಾಗಿ ನಮ್ಮಲ್ಲಿ ಲಾಕ್ ಇಲ್ಲದ ಎರಡು ಹಳೆಯ ಸೇವೆಗಳು ಬೆಳಗಾಗುವಷ್ಟರಲ್ಲಿ ಮಲಗಿದ್ದವು. ಲಾಕ್ ಇಡದಿದ್ದದ್ದು ನಮ್ಮ ತಪ್ಪು ಎಂಬುದನ್ನು ಒಪ್ಪಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಉತ್ತರ 3 · ನಿರ್ವಾಹಕ

ದೋಷ ಸಂದೇಶದ ಮಾತು ಒಪ್ಪಿಗೆ. ಪಟ್ಟಿಗೆ ಸೇರಿಸಿದ್ದೇನೆ.

ಮೇಲ್ಮಿತಿಯ ವಿಷಯದಲ್ಲಿ ನನಗೆ ಹಿಂಜರಿಕೆಯಿದೆ. ನಮ್‌ಪೈ ಉದಾಹರಣೆಯಲ್ಲಿ ಮಿತಿ ನ್ಯಾಯವಾಗಿತ್ತು, ಏಕೆಂದರೆ ಬೈನರಿ ಹೊಂದಾಣಿಕೆ ಮುರಿಯುತ್ತದೆಂದು ಮೊದಲೇ ಪ್ರಕಟಿಸಲಾಗಿತ್ತು ಮತ್ತು ಕಂಪೈಲ್ ಆದ ಕೋಡ್‌ಗೆ ಅದರಿಂದ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ನಮ್ಮದು ಶುದ್ಧ ಪೈಥಾನ್ ಕೋಡ್. ಮುಂದೆ ಬರಬಹುದಾದ ಆವೃತ್ತಿ ನಮ್ಮನ್ನು ಮುರಿಯುತ್ತದೆಂದು ಇಂದೇ ಊಹಿಸಿ ಬಾಗಿಲು ಹಾಕಿದರೆ, ಅದು ಮುರಿಯದಿದ್ದಾಗಲೂ ನಾವು ಹೊಸ ಬಿಡುಗಡೆ ಮಾಡುವವರೆಗೆ ಎಲ್ಲರೂ ಕಾಯಬೇಕು. ಅಲ್ಲದೆ ಒಮ್ಮೆ ಬಿಡುಗಡೆಯಾದ ಪ್ಯಾಕೇಜಿನ ಮಿತಿಗಳನ್ನು ಆಮೇಲೆ ತಿದ್ದಲಾಗುವುದಿಲ್ಲ. ಹಳೆಯ ಬಿಡುಗಡೆಗಳಲ್ಲಿ ಮಿತಿ ಇಲ್ಲದೆ ಹೊಸದರಲ್ಲಿ ಮಾತ್ರ ಸೇರಿಸಿದರೆ, ಪಿಪ್ ಹಿಂದೆ ಹಿಂದೆ ಹೋಗಿ ಮಿತಿಯೇ ಇಲ್ಲದ ನಮ್ಮ ಹಳೆಯ ಆವೃತ್ತಿಯನ್ನು ಹುಡುಕಿ ತರುವ ಸಾಧ್ಯತೆಯಿದೆ. ಮಿತಿ ಇಲ್ಲದ ಸ್ಥಿತಿಗಿಂತ ಅದು ಕೆಟ್ಟದು.

ಕೆಳಮಿತಿಯನ್ನು ಮಾತ್ರ ನಾವು ನಿಜವಾಗಿ ಪರೀಕ್ಷಿಸಬೇಕು ಎಂದು ಸೂಚಿಸುತ್ತೇನೆ. ಈಗ ಬರೆದಿರುವ ಕನಿಷ್ಠ ಆವೃತ್ತಿಗಳು ಎಂದೋ ಯಾರೋ ಬರೆದ ಅಂದಾಜುಗಳು. ಅವುಗಳೊಂದಿಗೆ ಟೆಸ್ಟ್‌ಗಳನ್ನು ಓಡಿಸಿದವರು ಯಾರೂ ಇಲ್ಲ.

ಉತ್ತರ 4 · ಲಿನಕ್ಸ್ ವಿತರಣೆಗೆ ಪ್ಯಾಕೇಜ್ ಕಟ್ಟುವವರು

ಚಿಕ್ಕ ಸೇರ್ಪಡೆ: ಬಿಲ್ಡ್ ಸಮಯದ ಅವಲಂಬನೆಗಳನ್ನೂ ಈ ಪಟ್ಟಿಯಲ್ಲಿ ತನ್ನಿ. 2023ರ ಜುಲೈನಲ್ಲಿ, ಪೈಯಾಮಲ್ ಕಟ್ಟಲು ಬೇಕಾಗುವ ಕಂಪೈಲರ್ ಆದ ಸೈಥಾನ್ 3 ಬಿಡುಗಡೆಯಾದ ಕೂಡಲೇ ಪೈಯಾಮಲ್‌ನ ಹಳೆಯ ಆವೃತ್ತಿಗಳನ್ನು ಮೂಲದಿಂದ ಕಟ್ಟಲು ಆಗದಂತಾಯಿತು. ತಮ್ಮ ಎಲ್ಲ ಅವಲಂಬನೆಗಳನ್ನೂ ಒಂದೊಂದಾಗಿ ಲಾಕ್ ಮಾಡಿದ್ದವರೂ ಸಿಕ್ಕಿಬಿದ್ದರು, ಏಕೆಂದರೆ ಲಾಕ್ ಮಾಡಿದ್ದು ಓಡುವಾಗ ಬೇಕಾದುದನ್ನೇ ಹೊರತು ಕಟ್ಟುವಾಗ ಬೇಕಾದುದನ್ನಲ್ಲ. ಪೈಯಾಮಲ್ ಬಿಡುವುದಕ್ಕೆ ಇದೂ ಒಂದು ಕಾರಣವಾಗಲಿ.

ಉತ್ತರ 5 · ಹಳೆಯ ಕೊಡುಗೆದಾರ

ಇಲ್ಲಿಯವರೆಗೆ ನಡೆದ ಮಾತು ಸರಿಯಾಗಿದೆ, ಆದರೆ ಆರೂ ಪ್ಯಾಕೇಜ್‌ಗಳನ್ನು ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದೇವೆ. ನನ್ನ ದೃಷ್ಟಿಯಲ್ಲಿ ಅವು ಎರಡು ಜಾತಿ. ರಿಕ್ವೆಸ್ಟ್ಸ್ ನಮ್ಮೊಳಗೆ ಅಡಗಿದೆ. ನಾಳೆ ಅದನ್ನು ತೆಗೆದು ಬೇರೆಯದನ್ನು ಹಾಕಿದರೆ ಬಳಕೆದಾರರಿಗೆ ಗೊತ್ತೂ ಆಗುವುದಿಲ್ಲ. ಪೈಯಾಮಲ್, ಡೇಟ್‌ಯುಟಿಲ್ ಕೂಡ ಹೆಚ್ಚುಕಡಿಮೆ ಹಾಗೆಯೇ. ಪೈಟಿಝಡ್ ಹಾಗಲ್ಲ. ನಾವು ಹಿಂದಿರುಗಿಸುವ ಪ್ರತಿ ದಾಖಲೆಯ ಸಮಯದೊಳಗೆ ಪೈಟಿಝಡ್‌ನ ವಲಯ ವಸ್ತು ಕೂತಿದೆ, ಅಂದರೆ ಅದು ನಮ್ಮ ಸಾರ್ವಜನಿಕ ಇಂಟರ್‌ಫೇಸ್‌ನ ಭಾಗವಾಗಿಬಿಟ್ಟಿದೆ. ನಾವು ದಸ್ತಾವೇಜಿನಲ್ಲಿ ಅದನ್ನು ಎಲ್ಲೂ ಹೇಳಿಲ್ಲ ಎಂಬುದು ಸಮಾಧಾನವಲ್ಲ. ಕೈಗೆ ಸಿಕ್ಕ ವಸ್ತುವಿನ ಮೇಲೆ ಜನ ಕೋಡ್ ಬರೆದೇ ಬರೆಯುತ್ತಾರೆ.

ಬದಲಾಯಿಸಿದರೆ ಏನಾಗುತ್ತದೆ ಎಂದು ಕೂತು ನೋಡಿದೆ. ವಲಯದ ಹೆಸರನ್ನು ಪೈಟಿಝಡ್ ‘ಝೋನ್’ ಎಂಬ ಗುಣದಲ್ಲಿ ಇಡುತ್ತದೆ, ಝೋನ್‌ಇನ್ಫೋ ‘ಕೀ’ ಎಂಬುದರಲ್ಲಿ. ಇದು ಮುರಿದರೆ ಸದ್ದು ಮಾಡಿ ಮುರಿಯುತ್ತದೆ, ದೋಷ ಕಾಣುತ್ತದೆ, ತಿದ್ದಿಕೊಳ್ಳುತ್ತಾರೆ. ನನಗೆ ಭಯವಿರುವುದು ಸದ್ದಿಲ್ಲದ ವ್ಯತ್ಯಾಸಗಳ ಬಗ್ಗೆ. ಕೆಲವು ದೇಶಗಳಲ್ಲಿ ಬೇಸಿಗೆ ಸಮಯಕ್ಕಾಗಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ದಿನದ ಹಿಂದಿನ ಮಧ್ಯಾಹ್ನ 12ಕ್ಕೆ ಒಂದು ದಿನ ಕೂಡಿಸಿ ನೋಡಿ. ಪೈಟಿಝಡ್ ವಸ್ತು ಹಳೆಯ ವ್ಯತ್ಯಯವನ್ನೇ (ಯುಟಿಸಿ ಎಂಬ ಜಾಗತಿಕ ಸಮಯದಿಂದ ಇರುವ ಅಂತರವನ್ನೇ) ಹಿಡಿದುಕೊಂಡಿರುವುದರಿಂದ ಸರಿಯಾಗಿ 24 ಗಂಟೆಗಳ ನಂತರದ ಕ್ಷಣ ಸಿಗುತ್ತದೆ. ಝೋನ್‌ಇನ್ಫೋ ಗೋಡೆಯ ಗಡಿಯಾರವನ್ನು ಅನುಸರಿಸುವುದರಿಂದ ಮರುದಿನದ ಮಧ್ಯಾಹ್ನ 12 ಸಿಗುತ್ತದೆ, ಆದರೆ ನಡುವೆ ಕಳೆದದ್ದು 23 ಗಂಟೆ. ಯಾವುದು ಸರಿ ಎಂಬುದು ಬಳಸುವವರ ಉದ್ದೇಶಕ್ಕೆ ಬಿಟ್ಟದ್ದು. ಆದರೆ ಕೋಡಿನಲ್ಲಿ ಒಂದಕ್ಷರವೂ ಬದಲಾಗದೆ, ಯಾವ ಎಚ್ಚರಿಕೆಯೂ ಇಲ್ಲದೆ, ಯಾರದೋ ವರದಿಯಲ್ಲಿ ಒಂದು ಗಂಟೆ ಆಚೀಚೆಯಾಗುವುದು ಮಾತ್ರ ನಿಶ್ಚಯ.

ವೆಬ್ ಚೌಕಟ್ಟಾದ ಜ್ಯಾಂಗೋ ಇದೇ ದಾಟುವಿಕೆಯನ್ನು ಮಾಡಿದ ರೀತಿ ನೋಡಿ. 2021ರ ಡಿಸೆಂಬರ್‌ನ 4.0ರಲ್ಲಿ ಝೋನ್‌ಇನ್ಫೋವನ್ನು ಸಹಜ ಆಯ್ಕೆಯಾಗಿಸಿ, ಹಳೆಯದನ್ನೇ ಬಳಸಬೇಕೆನ್ನುವವರಿಗೆ ಒಂದು ತಾತ್ಕಾಲಿಕ ಸೆಟ್ಟಿಂಗ್ ಕೊಟ್ಟು, 2023ರ ಡಿಸೆಂಬರ್‌ನ 5.0ರಲ್ಲಷ್ಟೇ ಪೈಟಿಝಡ್ ಬೆಂಬಲವನ್ನು ತೆಗೆದರು. ಪ್ರಸ್ತಾವದಲ್ಲಿ ಈ ಬದಲಾವಣೆಗೆ ಸಿಕ್ಕಿರುವುದು ಒಂದೇ ಒಂದು ಚಿಕ್ಕ ವಾಕ್ಯ.

ಉತ್ತರ 6 · ನಿರ್ವಾಹಕ

ಆ ವಾಕ್ಯ ಬರೆಯುವಾಗ ಇಷ್ಟು ಆಳ ಇಳಿದಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಪಾಂಡಾಸ್ ಬಗ್ಗೆ ಇದೇ ಪ್ರಶ್ನೆ ಬರಬಹುದೆಂದು ಹೇಳಿಬಿಡುತ್ತೇನೆ: ಅದೂ ನಮ್ಮ ಇಂಟರ್‌ಫೇಸ್‌ನಲ್ಲಿ ಕಾಣುತ್ತದೆ, ಆದರೆ ಕೋಷ್ಟಕ ಬೇಕೆಂದು ಹೆಸರಿಟ್ಟು ಕೇಳಿದವರಿಗೆ ಮಾತ್ರ. ಕೇಳಿ ಪಡೆದದ್ದಕ್ಕೂ ಕೇಳದೆ ಬಂದದ್ದಕ್ಕೂ ವ್ಯತ್ಯಾಸವಿದೆ.

ಉತ್ತರ 7 · ಹೊಸ ಕೊಡುಗೆದಾರ

ನಾನು ಹೊಸಬ, ತಪ್ಪಿದ್ದರೆ ತಿದ್ದಬೇಕು. ನಮ್ಮ ಲೈಬ್ರರಿಗೆ ಸಮಯ ವಲಯಗಳ ದತ್ತಾಂಶ ಏಕೆ ಬೇಕು ಎಂಬುದೇ ನನಗೆ ಅರ್ಥವಾಗಲಿಲ್ಲ. ಬಹುತೇಕ ಲಾಗ್ ಸಾಲುಗಳಲ್ಲಿ ಯುಟಿಸಿಯಿಂದ ಎಷ್ಟು ವ್ಯತ್ಯಾಸ ಎಂಬುದು ಸಾಲಿನಲ್ಲೇ ಬರೆದಿರುತ್ತದೆ. ಅದನ್ನು ಪ್ರಮಾಣಿತ ಲೈಬ್ರರಿಯ ಸ್ಥಿರ ವ್ಯತ್ಯಯದ ವಲಯವಾಗಿ ಹಾಗೆಯೇ ಕೊಟ್ಟರೆ ಸಾಕು. ವ್ಯತ್ಯಯ ಬರೆಯದ ಸಾಲುಗಳಿಗೆ ಮಾತ್ರ ನಾವು ಬಳಕೆದಾರರಿಂದ ವಲಯದ ಹೆಸರನ್ನು ಅಕ್ಷರಗಳಲ್ಲಿ ಪಡೆದು, ಪೈಟಿಝಡ್‌ನಲ್ಲಿ ಹುಡುಕುತ್ತಿದ್ದೇವೆ. ಹೆಸರಿನ ಬದಲು ವಲಯದ ವಸ್ತುವನ್ನೇ ಕೊಡಿ ಎಂದು ಕೇಳಿದರೆ, ಎಲ್ಲಿಂದ ತರಬೇಕು ಎಂಬುದು ಅವರ ಆಯ್ಕೆಯಾಗುತ್ತದೆ. ಝೋನ್‌ಇನ್ಫೋ ಬಳಸಿದರೂ ವಿಂಡೋಸ್‌ನಲ್ಲಿ ವಲಯಗಳ ದತ್ತಾಂಶ ವ್ಯವಸ್ಥೆಯೊಳಗೆ ಇರುವುದಿಲ್ಲ, ಟಿಝಡ್‌ಡೇಟಾ ಪ್ಯಾಕೇಜ್ ಬೇಕಾಗುತ್ತದೆ ಎಂದು ಓದಿದ್ದೇನೆ. ಹಾಗಿದ್ದರೆ ತಿರುಳಿಗೆ ಶೂನ್ಯ ಅವಲಂಬನೆ ಎಂಬ ಮಾತು ಅಲ್ಲಿ ಉಳಿಯುವುದಿಲ್ಲವಲ್ಲ?

ಉತ್ತರ 8 · ಹಳೆಯ ಕೊಡುಗೆದಾರ

ಹೊಸಬರ ಪ್ರಶ್ನೆ ನಮ್ಮೆಲ್ಲರ ಪ್ರಶ್ನೆಗಳಿಗಿಂತ ಒಳ್ಳೆಯದಿದೆ. ಇದನ್ನೇ ಒಂದು ಹೆಜ್ಜೆ ಮುಂದೆ ಒಯ್ಯೋಣ: ಬಳಕೆದಾರರು ಕೊಟ್ಟ ವಲಯದಿಂದ ಆ ಕ್ಷಣದ ವ್ಯತ್ಯಯವನ್ನು ಲೆಕ್ಕ ಹಾಕಿದ ಮೇಲೆ, ಅದನ್ನೂ ಸ್ಥಿರ ವ್ಯತ್ಯಯಕ್ಕೆ ಇಳಿಸಿ ಕೊಟ್ಟರೆ ನಮ್ಮಿಂದ ಹೊರಹೋಗುವ ಎಲ್ಲ ಸಮಯಗಳೂ ಒಂದೇ ಬಗೆಯವಾಗುತ್ತವೆ. ಸ್ಥಿರ ವ್ಯತ್ಯಯಕ್ಕೆ ಒಂದು ದಿನ ಕೂಡಿಸಿದರೆ ಸರಿಯಾಗಿ 24 ಗಂಟೆ. ಪೈಟಿಝಡ್ ಇಲ್ಲಿಯವರೆಗೆ ಕೊಡುತ್ತಿದ್ದ ಕ್ಷಣವೂ ಅದೇ. ನಾನು ಹೆದರಿದ ಸದ್ದಿಲ್ಲದ ವ್ಯತ್ಯಾಸ ಅಲ್ಲಿಗೆ ಮುಗಿಯಿತು. ಉಳಿಯುವುದು ‘ಝೋನ್’ ಗುಣ ಇಲ್ಲದಿರುವಂಥ, ಸದ್ದು ಮಾಡುವ ಮುರಿತಗಳು ಮಾತ್ರ.

ಆದರೆ ಎರಡು ಗುಂಡಿಗಳಿವೆ. ಮೊದಲನೆಯದು, ಬಳಕೆದಾರರು ಕೊಡುವ ವಸ್ತು ಪೈಟಿಝಡ್‌ನದೇ ಆಗಿರಬಹುದು. ವಲಯವಿಲ್ಲದ ಸಮಯಕ್ಕೆ ಝೋನ್‌ಇನ್ಫೋ ವಸ್ತುವನ್ನು ನೇರವಾಗಿ ಅಂಟಿಸಬಹುದು, ಪೈಟಿಝಡ್ ವಸ್ತುವನ್ನು ಅಂಟಿಸಬಾರದು. ಅಂಟಿಸಿದರೆ ಆ ವಲಯದ ಇತಿಹಾಸದ ಮೊದಲ ನಮೂದು, ಅಂದರೆ ಪ್ರಮಾಣಿತ ಸಮಯ ಬರುವ ಮೊದಲಿನ ಸ್ಥಳೀಯ ಸಮಯ, ಬಂದು ಕೂರುತ್ತದೆ. ನ್ಯೂಯಾರ್ಕ್ ವಲಯಕ್ಕೆ 5 ಗಂಟೆಯ ಬದಲು 4 ಗಂಟೆ 56 ನಿಮಿಷ. ಪೈಟಿಝಡ್ ಬಳಸಿದವರೆಲ್ಲ ಒಮ್ಮೆಯಾದರೂ ಈ ನಾಲ್ಕು ನಿಮಿಷಗಳ ಬೆನ್ನು ಹತ್ತಿ ಒಂದು ಮಧ್ಯಾಹ್ನ ಕಳೆದಿರುತ್ತಾರೆ.

ಎರಡನೆಯದು ಇನ್ನೂ ಸೂಕ್ಷ್ಮ. ಗಡಿಯಾರ ಹಿಂದಿಡುವ ದಿನ ಒಂದು ಗಂಟೆ ಎರಡು ಬಾರಿ ಬರುತ್ತದೆ. ಆ ಗಂಟೆಯ ಲಾಗ್ ಸಾಲಿನಲ್ಲಿ ವ್ಯತ್ಯಯ ಇಲ್ಲದಿದ್ದರೆ ಯಾವ ಬಾರಿಯದು ಎಂದು ಊಹಿಸಲೇಬೇಕು. ಪೈಟಿಝಡ್ ತಾನಾಗಿ ಎರಡನೆಯದನ್ನು, ಅಂದರೆ ಪ್ರಮಾಣಿತ ಸಮಯವನ್ನು ಆರಿಸುತ್ತದೆ. ಪ್ರಮಾಣಿತ ಲೈಬ್ರರಿಯಲ್ಲಿ, ಯಾವ ಬಾರಿಯದು ಎಂದು ಸೂಚಿಸುವ ‘ಫೋಲ್ಡ್’ ಗುಣ ತಾನಾಗಿ ಸೊನ್ನೆಯಾಗಿರುವುದರಿಂದ ಝೋನ್‌ಇನ್ಫೋ ಮೊದಲನೆಯದನ್ನು ಆರಿಸುತ್ತದೆ. ವರ್ಷಕ್ಕೆ ಒಂದೇ ಗಂಟೆ, ನಿಜ. ಆದರೆ ಆ ಗಂಟೆಯ ದಾಖಲೆಗಳೆಲ್ಲ ಒಂದು ಗಂಟೆ ಸರಿದಿರುತ್ತವೆ.

ಉತ್ತರ 9 · ಅಪ್ಲಿಕೇಶನ್ ಅಭಿವೃದ್ಧಿಕಾರ

ಲಾಗ್ ಸಾಲುಗಳು ಕ್ರಮವಾಗಿ ಬರುತ್ತವಲ್ಲ; ಸಮಯ ಇದ್ದಕ್ಕಿದ್ದಂತೆ ಹಿಂದಕ್ಕೆ ಹೋದರೆ ಎರಡನೆಯ ಬಾರಿ ಶುರುವಾಯಿತೆಂದು ಕಂಡುಹಿಡಿಯಲಾಗದೇ? ಇನ್ನು ಪೈಟಿಝಡ್ ವಸ್ತುಗಳನ್ನು ತಿರಸ್ಕರಿಸಬೇಡಿ ಎಂದು ಕೋರುತ್ತೇನೆ. ನಮ್ಮ ಚೌಕಟ್ಟು ಇನ್ನೂ ಹಳೆಯದು, ಅದು ಕೊಡುವುದೇ ಆ ವಸ್ತುಗಳನ್ನು.

ಉತ್ತರ 10 · ಹಳೆಯ ಕೊಡುಗೆದಾರ

ಕ್ರಮದ ಉಪಾಯ ಆಕರ್ಷಕವಾಗಿದೆ, ನಂಬುವಂತಿಲ್ಲ. ಏಕಕಾಲಕ್ಕೆ ಓಡುವ ಹಲವು ಥ್ರೆಡ್‌ಗಳು ಬರೆಯುವ ಲಾಗ್‌ನಲ್ಲಿ ಒಂದೆರಡು ಸಾಲು ಹಿಂದುಮುಂದಾಗುವುದು ಸಾಮಾನ್ಯ. ಆ ಗಂಟೆಯ ನಡುವೆ ಅಂಥ ಒಂದು ಸಾಲು ಬಂದರೆ ಮುಂದಿನದೆಲ್ಲವೂ ತಪ್ಪುತ್ತದೆ. ಕಡತದ ಮಧ್ಯದಿಂದ ಓದಲು ಶುರುಮಾಡಿದವರಿಗೆ ಬೇರೆಯೇ ಉತ್ತರ ಸಿಗುತ್ತದೆ. ಊಹೆಯೇ ಆಗಬೇಕಾದರೆ ಸದಾ ಒಂದೇ ರೀತಿ ಊಹಿಸುವುದು ಲೇಸು.

‘ಫೋಲ್ಡ್’ ಗುಣವನ್ನು ನಾವೇ ಒಂದಕ್ಕೆ ಇಟ್ಟರೆ ಪುನರಾವರ್ತಿತ ಗಂಟೆಯಲ್ಲಿ ಹಳೆಯ ಫಲಿತಾಂಶವೇ ಸಿಗುತ್ತದೆ. ಗಡಿಯಾರ ಮುಂದಿಡುವಾಗ ಹಾರಿಹೋಗುವ, ಅಸ್ತಿತ್ವದಲ್ಲೇ ಇಲ್ಲದ ಗಂಟೆಯಲ್ಲಿ ಇದರಿಂದ ಫಲಿತಾಂಶ ಬೇರೆಯಾಗುತ್ತದೆ ಎಂದು ಯಾರಾದರೂ ಹೇಳುವ ಮೊದಲೇ ಹೇಳುತ್ತೇನೆ: ಹೌದು, ಆಗುತ್ತದೆ. ಆದರೆ ಆ ವಲಯದ ಗಡಿಯಾರವನ್ನು ನೋಡಿ ಬರೆದ ಲಾಗ್‌ನಲ್ಲಿ ಆ ಗಂಟೆ ಬರಲು ಸಾಧ್ಯವಿಲ್ಲ. ಬಂದಿದ್ದರೆ ಬಳಕೆದಾರರು ವಲಯವನ್ನೇ ತಪ್ಪಾಗಿ ಹೇಳಿದ್ದಾರೆ ಎಂದರ್ಥ.

ಉತ್ತರ 11 · ನಿರ್ವಾಹಕ

ತೀರ್ಮಾನವನ್ನು ದಾಖಲಿಸುತ್ತಿದ್ದೇನೆ. ಸಮಯಗಳು ಇನ್ನು ಮುಂದೆ ಸ್ಥಿರ ವ್ಯತ್ಯಯದೊಂದಿಗೇ ಹಿಂದಿರುಗುತ್ತವೆ. ವಲಯದ ನಿಯತಾಂಕ ವಸ್ತುವನ್ನು ತೆಗೆದುಕೊಳ್ಳುತ್ತದೆ. ಹೆಸರನ್ನು ಅಕ್ಷರಗಳಲ್ಲಿ ಕೊಟ್ಟವರಿಗೆ ಈ ಪ್ರಧಾನ ಆವೃತ್ತಿಯುದ್ದಕ್ಕೂ ಎಚ್ಚರಿಕೆಯೊಡನೆ ಝೋನ್‌ಇನ್ಫೋ ಮೂಲಕ ನಡೆಸಿಕೊಡುತ್ತೇವೆ, ಮುಂದಿನದರಲ್ಲಿ ತೆಗೆಯುತ್ತೇವೆ. ಟರ್ಮಿನಲ್ ಸಲಕರಣೆ ಹೆಸರನ್ನೇ ಪಡೆಯಬೇಕಾದ್ದರಿಂದ, ಅದರ ಐಚ್ಛಿಕ ಗುಂಪಿನಲ್ಲಿ ವಿಂಡೋಸ್‌ಗೆ ಮಾತ್ರ ಅನ್ವಯಿಸುವಂತೆ ಟಿಝಡ್‌ಡೇಟಾ ಇರುತ್ತದೆ. ಮೇಲ್ಮಿತಿ ಯಾವುದಕ್ಕೂ ಇಲ್ಲ, ಕೆಳಮಿತಿಗಳಿಗೆ ಪ್ರತ್ಯೇಕ ಟೆಸ್ಟ್ ಓಟ ಇರುತ್ತದೆ.

ಪೈಟಿಝಡ್ ವಸ್ತುಗಳ ಬಗ್ಗೆ ಎರಡು ದಿನ ಯೋಚಿಸಿದೆ. ತಿರಸ್ಕರಿಸುವುದು ಕೋಡಿನ ದೃಷ್ಟಿಯಿಂದ ಶುಚಿ, ಆದರೆ ತಮ್ಮ ಚೌಕಟ್ಟು ಕೊಟ್ಟದ್ದನ್ನು ನಮಗೆ ದಾಟಿಸುವವರ ಕೈಯಲ್ಲಿ ಪರ್ಯಾಯವಿಲ್ಲ. ವಸ್ತುವಿನಲ್ಲಿ, ಸಮಯಕ್ಕೆ ವಲಯವನ್ನು ಸರಿಯಾಗಿ ಸೇರಿಸುವ ಪೈಟಿಝಡ್‌ನ ‘ಲೋಕಲೈಝ್’ ಎಂಬ ವಿಧಾನ ಇದೆಯೇ ಎಂದು ನೋಡಿ, ಇದ್ದರೆ ಅದನ್ನೇ ಕರೆಯುತ್ತೇವೆ. ಮೂರು ಸಾಲು, ಪೈಟಿಝಡ್ ಅನ್ನು ಆಮದು ಮಾಡಿಕೊಳ್ಳುವ ಅಗತ್ಯವೂ ಇಲ್ಲ. ಟೆಸ್ಟ್‌ಗಳಿಗೆ ಮಾತ್ರ ಪೈಟಿಝಡ್ ಉಳಿಯುತ್ತದೆ, ಆ ನಾಲ್ಕು ನಿಮಿಷ ಮರಳಿ ಬಂದಿಲ್ಲ ಎಂದು ಖಾತರಿ ಮಾಡಿಕೊಳ್ಳಲು.

ಉತ್ತರ 7ನ್ನು ಬರೆದವರು ಈ ಭಾಗದ ಪುಲ್ ರಿಕ್ವೆಸ್ಟ್ (ಕೋಡ್ ಬದಲಾವಣೆ ಸೇರಿಸುವ ಕೋರಿಕೆ) ತೆರೆಯಲು ಒಪ್ಪಿದರೆ ಪರಿಶೀಲನೆ ನಾನು ಮಾಡುತ್ತೇನೆ.

ಉತ್ತರ 12 · ಹೊಸ ಕೊಡುಗೆದಾರ

ಒಪ್ಪಿದ್ದೇನೆ. ಗಡಿಯಾರ ಹಿಂದಿಡುವ ರಾತ್ರಿಯ ಪರೀಕ್ಷೆಯನ್ನು ಮೊದಲು ಬರೆದು, ಈಗಿನ ಕೋಡ್ ಕೊಡುವ ಉತ್ತರವನ್ನು ಅದರಲ್ಲಿ ದಾಖಲಿಸಿದ ಮೇಲೆ ಉಳಿದದ್ದನ್ನು ಮುಟ್ಟುತ್ತೇನೆ.